ತಾರಸಿಯ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ?

ಪ್ರಶ್ನೆ: ನಂಜನಗೂಡಿನಲ್ಲಿ ಒಂದೇ ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಈಗ ಪೈಪಿನ ಕೆಲಸ ನಡೆದಿದೆ. ಮೈಸೂರಿನ ಅಂಗಡಿಯೊಂದರಲ್ಲಿ ಕೈ ಒಡ್ಡಿದರೆ ತಾನಾಗಿ ನೀರು ಬಿಡುವ ಸೆನ್ಸರ್ ನಲ್ಲಿ ನೋಡಿದ ಮೇಲೆ ಮಗ ಬಾತ್‌ರೂಮಿಗೆ ಅದೇ ಬೇಕು ಅನ್ನುತ್ತಿದ್ದಾನೆ. ಕೈ ಮುಟ್ಟದಿದ್ದರೆ ರೋಗ ಹರಡುವುದಿಲ್ಲ, ನೀರೂ ಉಳಿಯುತ್ತದೆ ಎಂಬುದು ಅವನ ವಾದ. ನದಿ ನೀರು ಬರುತ್ತದೆ, ಸಾಲದಾಗ ಬೋರ್‌ವೆಲ್ ಇದೆ. ತಾಯಿಗೆ ಎಪ್ಪತ್ತಾರು ವರ್ಷ, ಬೆರಳಿನ ಗಂಟು ನೋವು. ತಿ. ನರಸೀಪುರದಲ್ಲಿ ತಮ್ಮ ಸಣ್ಣ ಹೋಟೆಲ್ ನಡೆಸುತ್ತಾನೆ. ಅವನೂ ಕೈ ತೊಳೆಯುವ ಜಾಗಕ್ಕೆ ಇದನ್ನೇ ಹಾಕಿಸುವ ಯೋಚನೆಯಲ್ಲಿದ್ದಾನೆ. ಯಾವುದು ಒಳ್ಳೆಯದು, ಹೊಸದೋ ಹಳೆಯದೋ?

ಉತ್ತರ: ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ತಾರಸಿ ಹತ್ತಿ. ಟ್ಯಾಂಕಿನ ತಳದಿಂದ, ಕೆಳಗೆ ವಾಷ್‌ಬೇಸಿನ್ನಿನ ನಲ್ಲಿ ಬರುವ ಜಾಗದವರೆಗೆ ಎಷ್ಟು ಅಡಿ ಎತ್ತರ ಸಿಗುತ್ತದೆ ಎಂದು ಅಳೆಯಿರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಅಳತೆಯಲ್ಲೇ ಇದೆ.

ನಮ್ಮ ಮನೆಗಳಲ್ಲಿ ನೀರಿಗೆ ಒತ್ತಡ ಬರುವುದು ಎತ್ತರದಿಂದ. ಹತ್ತು ಮೀಟರ್ ಎತ್ತರದಲ್ಲಿ ನಿಂತ ನೀರು ಕೆಳಗೆ ಕೊಡುವ ಒತ್ತಡ ಸುಮಾರು ಒಂದು ಬಾರ್. ನಿಮ್ಮದು ಒಂದೇ ಅಂತಸ್ತು. ಛಾವಣಿ ಹತ್ತಡಿ, ಅದರ ಮೇಲೆ ಎರಡಡಿ ಕಟ್ಟೆ, ಕಟ್ಟೆಯ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಅಂದುಕೊಳ್ಳೋಣ. ಬೇಸಿನ್ ನಲ್ಲಿ ನೆಲದಿಂದ ಮೂರಡಿ ಮೇಲಿರುತ್ತದೆ. ಉಳಿಯುವುದು ಒಂಬತ್ತಡಿ. ಅಂದರೆ ಟ್ಯಾಂಕ್ ತಳ ಕಾಣುವ ಹೊತ್ತಿಗೆ ಒತ್ತಡ 0.27 ಬಾರ್, ಭರ್ತಿಯಿದ್ದಾಗ 0.4 ಬಾರ್ ಹತ್ತಿರ. ಬಹಳಷ್ಟು ಸೆನ್ಸರ್ ನಲ್ಲಿಗಳ ಪೆಟ್ಟಿಗೆಯ ಮೇಲೆ ಕನಿಷ್ಠ ಒತ್ತಡ 0.5 ಬಾರ್ ಎಂದು ಬರೆದಿರುತ್ತದೆ. ಅಷ್ಟು ಬೇಕಾದರೆ ನೀರು ನಲ್ಲಿಗಿಂತ ಹದಿನಾರು ಹದಿನೇಳು ಅಡಿ ಮೇಲಿರಬೇಕು. ಅಂಗಡಿಯ ಶೋರೂಮಿನಲ್ಲಿ ನಿಮ್ಮ ಮಗ ನೋಡಿದ ನಲ್ಲಿಗೆ ಪ್ರೆಷರ್ ಪಂಪು ಜೋಡಿಸಿರುವ ಸಾಧ್ಯತೆಯೇ ಹೆಚ್ಚು. ಮಹಡಿ ಮನೆಯ ಕೆಳ ಅಂತಸ್ತಾದರೆ ಲೆಕ್ಕ ಬೇರೆ. ನಿಮ್ಮ ಮನೆಗೆ ಇದು.

ಒತ್ತಡ ಯಾಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಸೆನ್ಸರ್ ನಲ್ಲಿಯ ಮೂತಿಯಲ್ಲಿ ಕಪ್ಪು ಗಾಜಿನ ಪುಟ್ಟ ಕಣ್ಣು ಇರುತ್ತದೆ. ಟಿ.ವಿ. ರಿಮೋಟಿನಲ್ಲಿರುವಂಥದೇ ಕಾಣದ ಬೆಳಕು ಅದರಿಂದ ಹೊರಡುತ್ತದೆ. ಕೈ ಅಡ್ಡ ಬಂದು ಬೆಳಕು ತಿರುಗಿ ಬಂದರೆ ಬೇಸಿನ್ನಿನ ಕೆಳಗಿನ ವಾಲ್ವ್ ತೆರೆಯುತ್ತದೆ. ಕಣ್ಣಿನ ಭಾಗ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಕೊಡುವುದು ವಾಲ್ವ್. ಅದನ್ನು ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದರೆ ನಾಣ್ಯದಗಲದ ಒಂದು ರಬ್ಬರ್ ಪದರ ಕಾಣುತ್ತದೆ. ಪದರದ ಅಂಚಿಗೆ ಸೂಜಿಮೊನೆ ತೂರುವಷ್ಟೇ ಒಂದು ತೂತು. ಟ್ಯಾಂಕಿನ ನೀರು ಆ ತೂತಿನಿಂದ ಪದರದ ಮೇಲೆ ಹೋಗಿ ತುಂಬಿಕೊಂಡು, ತನ್ನ ಒತ್ತಡದಿಂದಲೇ ಪದರವನ್ನು ಒತ್ತಿ ಹಿಡಿದು ದಾರಿ ಮುಚ್ಚುತ್ತದೆ. ಕೈ ಬಂದಾಗ ಒಂದು ಸಣ್ಣ ಕಡ್ಡಿ ಎತ್ತಿ ಮೇಲಿನ ನೀರನ್ನು ಹೊರಬಿಡುವುದಷ್ಟೇ ಬ್ಯಾಟರಿಯ ಕೆಲಸ. ಉಳಿದದ್ದೆಲ್ಲ ನೀರಿನದೇ. ಒತ್ತಡ ಸಾಲದಿದ್ದರೆ ಪದರ ಪೂರ್ತಿ ಏಳುವುದಿಲ್ಲ, ಬಿಗಿಯಾಗಿ ಕೂರುವುದೂ ಇಲ್ಲ. ಕೈಗೆ ಎಳೆಯಷ್ಟು ನೀರು ಬರುತ್ತದೆ, ಕೈ ತೆಗೆದ ಮೇಲೂ ಸೋರುತ್ತದೆ.

ನಿಮ್ಮ ಈಗಿನ ಮನೆಯಲ್ಲಿ ವಾಷಿಂಗ್ ಮಷೀನ್ ಇದ್ದರೆ ಪರೀಕ್ಷೆ ಸುಲಭ. ಅದರ ನೀರಿನ ಬಾಯಲ್ಲಿರುವುದೂ ಇದೇ ಜಾತಿಯ ವಾಲ್ವ್. ತಾರಸಿ ಟ್ಯಾಂಕಿನ ನೀರಿನಿಂದ ಮಷೀನ್ ತುಂಬಲು ವಿಪರೀತ ಹೊತ್ತು ಹಿಡಿಯುತ್ತಿದ್ದರೆ ಸೆನ್ಸರ್ ನಲ್ಲಿಗೂ ಅದೇ ಗತಿ.

ಇನ್ನು ಆ ಸೂಜಿತೂತಿನ ವಿಷಯ. ಬೋರ್‌ವೆಲ್ ನೀರು ತುಂಬಿದ ಸ್ಟೀಲ್ ಬಕೆಟ್ಟಿನ ಒಳಗೆ ಬಿಳಿ ಗೆರೆ ಕಟ್ಟುತ್ತದಲ್ಲ, ಗೀಸರಿನ ರಾಡಿನ ಮೇಲೆ ಪದರಪದರವಾಗಿ ಸುಣ್ಣದಂಥದ್ದು ಕೂರುತ್ತದಲ್ಲ, ಅದೇ ಉಪ್ಪು ತೂತಿನ ಬಾಯಲ್ಲೂ ಕೂರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆದೀತು ಎಂದು ಭಾರತೀಯ ಮಾನಕ ಸಂಸ್ಥೆ ಹೇಳುತ್ತದೆ. ನಿಮ್ಮ ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿ. ನಲ್ಲಿಗಲ್ಲದಿದ್ದರೂ ಗೀಸರಿಗೆ, ತಾಯಿಯವರು ಕುಡಿಯುವ ನೀರಿಗೆ ಆ ಪರೀಕ್ಷೆಯ ಚೀಟಿ ಬೇಕೇ ಬೇಕು. ತೂತು ಕಟ್ಟಿಕೊಂಡರೆ ಪದರದ ಮೇಲೆ ನೀರು ತುಂಬುವುದಿಲ್ಲ, ತುಂಬದಿದ್ದರೆ ನಲ್ಲಿ ಮುಚ್ಚುವುದಿಲ್ಲ. ಮನೆಯವರೆಲ್ಲ ಮದುವೆಗೆ ಹೋಗಿದ್ದ ದಿನ ಹೀಗಾದರೆ ಟ್ಯಾಂಕ್ ಬರಿದು.

ನದಿ ನೀರಿಗೆ ಉಪ್ಪಿನ ಕಾಟ ಕಡಿಮೆ, ಮಣ್ಣಿನ ಕಾಟ ಉಂಟು. ಕಬಿನಿ ಅಣೆಕಟ್ಟು ತುಂಬಿ ಗೇಟು ಎತ್ತಿದರೆ ಕಪಿಲೆ ಹೇಗೆ ಕೆಂಪಗೆ ಬರುತ್ತಾಳೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆಯ ಹತ್ತಿರ ಮೈಸೂರು ರಸ್ತೆಯ ಮೇಲೇ ಹೊಳೆ ಹರಿಯಿತು. ಅಂಥ ದಿನಗಳು ಕಳೆದ ಮೇಲೆ ಸಂಪು ತೊಳೆದವರಿಗೆ ತಳದಲ್ಲಿ ಕೂತ ನುಣ್ಣನೆಯ ಕೆಸರಿನ ಪರಿಚಯ ಇರುತ್ತದೆ. ಮಾಮೂಲಿ ನಲ್ಲಿಯ ಅಗಲವಾದ ದಾರಿಯಲ್ಲಿ ಅದು ಹರಿದುಹೋಗುತ್ತದೆ. ಸೆನ್ಸರ್ ನಲ್ಲಿಯ ಜಾಲರಿಯಲ್ಲಿ ನಿಂತುಬಿಡುತ್ತದೆ.

ನಿಮ್ಮ ಮಗನ ಎರಡು ಮಾತುಗಳನ್ನು ನಾನು ತಳ್ಳಿಹಾಕುವುದಿಲ್ಲ. ರೋಗದ ಭಯ ನಂಜನಗೂಡಿನವರಿಗೆ ಸುಮ್ಮನೆ ಬಂದದ್ದಲ್ಲ. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಔಷಧ ಕಾರ್ಖಾನೆಯ ನೌಕರರೊಬ್ಬರಲ್ಲಿ ಕೊರೊನಾ ಕಾಣಿಸಿಕೊಂಡು, ಆ ಒಂದು ಸರಪಳಿ ಎಪ್ಪತ್ತಕ್ಕೂ ಹೆಚ್ಚು ಜನರನ್ನು ತಾಕಿತು. ಬಾಗಿಲ ಚಿಲಕ, ಹಾಲಿನ ಪೊಟ್ಟಣ, ತರಕಾರಿ, ನಲ್ಲಿಯ ಹಿಡಿ, ಎಲ್ಲವನ್ನೂ ಹೆದರಿ ಮುಟ್ಟಿದ ದಿನಗಳವು. ನಿಮ್ಮ ಮಗನ ಮನಸ್ಸಿನಲ್ಲಿ ಅದು ಉಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಆಮೇಲೆ ತಿಳಿದುಬಂದದ್ದೂ ಅವನಿಗೆ ಗೊತ್ತಾಗಲಿ. ಆ ವೈರಸ್ ಮುಖ್ಯವಾಗಿ ಹರಡಿದ್ದು ಉಸಿರಿನಿಂದ, ಗಾಳಿಯಿಂದ. ಮುಟ್ಟಿದ ವಸ್ತುವಿನಿಂದ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಅಮೆರಿಕದ ಸಿಡಿಸಿ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಹೇಳಿತು. ಭೇದಿ, ಕಾಮಾಲೆಯಂಥ ರೋಗಗಳು ಕೈಯಿಂದ ಹರಡುವುದು ನಿಜ. ಅದಕ್ಕೆ ಮದ್ದು ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜುವುದು. ಮನೆಯಲ್ಲಿ ಎಲ್ಲರೂ ಒಂದೇ ಚಿಲಕ, ಒಂದೇ ಸ್ವಿಚ್ಚು, ಒಂದೇ ಫ್ರಿಜ್ ಬಾಗಿಲು ಮುಟ್ಟುತ್ತೀರಿ. ನಲ್ಲಿಯೊಂದನ್ನು ಮುಟ್ಟದೆ ಬಿಟ್ಟರೆ ಏನು ಉಳಿಯಿತು?

ಇನ್ನೊಂದು ಸಂಗತಿಯೂ ಇದೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ರೋಗಿಗಳ ಕೋಣೆಗಳ ಬಳಿ ಸೆನ್ಸರ್ ನಲ್ಲಿ ಹಾಕಿಸಿತ್ತು. ಅಲ್ಲಿನವರು 20 ಸೆನ್ಸರ್ ನಲ್ಲಿ, 20 ಮಾಮೂಲಿ ನಲ್ಲಿಗಳ ನೀರು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಹೊರಗಿಟ್ಟರು. ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಸೆನ್ಸರ್ ನಲ್ಲಿಗಳ ನೀರಿನ ಮಾದರಿಗಳಲ್ಲಿ ಅರ್ಧದಷ್ಟರಲ್ಲಿ ಸಿಕ್ಕಿತು. ಮಾಮೂಲಿ ನಲ್ಲಿಯವುಗಳಲ್ಲಿ ನೂರಕ್ಕೆ 15ರಲ್ಲಿ ಮಾತ್ರ. ಒಳಗಿನ ಸಂದುಗೊಂದು ಹೆಚ್ಚಿದ್ದರೆ ಶುಚಿ ಮಾಡುವುದು ಕಷ್ಟ ಎಂಬುದು ಅವರು ಕೊಟ್ಟ ಕಾರಣ. ರೋಗಿಗಳ ಜಾಗದ ಸೆನ್ಸರ್ ನಲ್ಲಿಗಳನ್ನು ಅವರು ತೆಗೆಸಿದರು. ಇದನ್ನು ಕೇಳಿ ಗಾಬರಿಯಾಗಬೇಡಿ. ಆರೋಗ್ಯವಂತರ ಮನೆಗೂ ಆಸ್ಪತ್ರೆಗೂ ಹೋಲಿಕೆ ಇಲ್ಲ. ಆದರೆ ಮುಟ್ಟದ ನಲ್ಲಿ ತಾನಾಗಿಯೇ ಹೆಚ್ಚು ಶುಚಿ ಎಂಬ ನಂಬಿಕೆಗೆ ಆಧಾರ ಸಾಲದು.

ಮುಟ್ಟದೆ ಕೈ ತೊಳೆಯುವುದೇನೂ ನಮಗೆ ಹೊಸದಲ್ಲ. ಎಂಜಲು ಕೈಯಲ್ಲಿ ಕೊಳದಪ್ಪಲೆ ಮುಟ್ಟುವಂತಿರಲಿಲ್ಲ. ಊಟ ಮುಗಿಸಿ ಹಿತ್ತಿಲ ಕಲ್ಲಿನ ಹತ್ತಿರ ಕೈ ಚಾಚಿದರೆ ಮನೆಯ ಮಕ್ಕಳು ಚೊಂಬಿನಿಂದ ಸಣ್ಣ ಧಾರೆ ಬಿಡುತ್ತಿದ್ದರು, ‘ಸಾಕು’ ಅಂದಾಗ ನಿಲ್ಲಿಸುತ್ತಿದ್ದರು. ಅರ್ಧ ಚೊಂಬಿನಲ್ಲಿ ಕೈ, ಬಾಯಿ ಎರಡೂ ಆಗುತ್ತಿತ್ತು. ಈಗಲೂ ಬಲಗೈ ಎಂಜಲಾಗಿದ್ದರೆ ನಾವು ನಲ್ಲಿಯನ್ನು ಎಡಗೈಯಲ್ಲೋ ಮುಂಗೈ ಹಿಂಬದಿಯಲ್ಲೋ ತಿರುಗಿಸುತ್ತೇವೆ, ಯಾರೂ ಹೇಳಿಕೊಡದಿದ್ದರೂ. ಈಚೆಗೆ ಒಂದು ಕಲ್ಯಾಣ ಮಂಟಪದಲ್ಲಿ ಎಂಟು ಸೆನ್ಸರ್ ನಲ್ಲಿಗಳ ಸಾಲು ನೋಡಿದೆ. ಐದರಲ್ಲಿ ನೀರಿರಲಿಲ್ಲ. ಎರಡನೇ ಪಂಕ್ತಿ ಎದ್ದು ಬಂದಾಗ ಜನ ಪಾಯಸದ ಕೈ ಒಡ್ಡಿಕೊಂಡು ಒಂದರಿಂದ ಇನ್ನೊಂದಕ್ಕೆ ಸರಿಯುತ್ತಿದ್ದರು. ಅಡುಗೆಯವರು ನೀಲಿ ಡ್ರಮ್ ತಂದು ನೀರು ತುಂಬಿ ಚೊಂಬು ಇಟ್ಟರು. ಹುಡುಗನೊಬ್ಬ ಅಲ್ಲೇ ನಿಂತು ಹಿರಿಯರ ಕೈಗೆಲ್ಲ ನೀರು ಹಾಕಿದ.

ನೀರು ಉಳಿಯುತ್ತದೆ ಎಂಬ ಮಾತಿಗೆ ಬರೋಣ. ಒಂದು ಲೀಟರಿನ ಬಾಟಲಿ ಹಿಡಿದು, ಪೂರ್ತಿ ತೆರೆದ ನಲ್ಲಿಯಲ್ಲಿ ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. ಎಂಟು ಸೆಕೆಂಡಾದರೆ ನಿಮಿಷಕ್ಕೆ ಏಳೂವರೆ ಲೀಟರ್. ನಲ್ಲಿ ಬಿಟ್ಟುಕೊಂಡು ಎರಡು ನಿಮಿಷ ಹಲ್ಲುಜ್ಜಿದರೆ ಹದಿನೈದು ಲೀಟರ್, ಹೆಚ್ಚುಕಡಿಮೆ ಒಂದು ಬಕೆಟ್. ಸೆನ್ಸರ್ ಇದನ್ನು ತಡೆಯುತ್ತದೆ, ಒಪ್ಪುತ್ತೇನೆ. ಆದರೆ ಖರ್ಚಿಲ್ಲದೆ ತಡೆಯುವ ದಾರಿಯೂ ಬೇಸಿನ್ನಿನ ಕೆಳಗೇ ಇದೆ. ಅಲ್ಲಿನ ಆಂಗಲ್ ಕಾಕನ್ನು ಅರ್ಧ ತಿರುಗಿಸಿಬಿಡಿ. ಮೇಲಿನ ನಲ್ಲಿ ಎಷ್ಟು ತೆರೆದರೂ ಅದರ ಮೇಲೆ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಅಲ್ಲಿನ ಜಲಮಂಡಳಿ ವಾಣಿಜ್ಯ ಕಟ್ಟಡಗಳಂಥ ಕಡೆ ನಲ್ಲಿಯ ಬಾಯಿಗೆ, ಧಾರೆಯನ್ನು ಹಿಡಿತದಲ್ಲಿಡುವ ಏರೇಟರ್ ಎಂಬ ಜಾಲರಿ ಹಾಕುವುದನ್ನು ಕಡ್ಡಾಯ ಮಾಡಿತು. ಬೆಂಗಳೂರಿಗೆ ಹೋಗುವ ಕಾವೇರಿ, ತಿ. ನರಸೀಪುರದ ಸಂಗಮ ದಾಟಿ ಕೆಳಗಿಳಿದ ನೀರೇ. ಅಲ್ಲಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಒಯ್ಯುತ್ತಾರೆ. ನದಿಯ ದಡದಲ್ಲೇ ಇರುವ ನಿಮಗೆ ಅದು ಅಷ್ಟು ಅಗ್ಗವಾಗಿ ಸಿಗುವುದರಿಂದಲೇ ಜೋಪಾನ ಬೇಕು. ಆದರೆ ನಿಮ್ಮ ಮನೆಯ ಒತ್ತಡಕ್ಕೆ ತೀರಾ ಸಣ್ಣ ಕಿಂಡಿಯ ಏರೇಟರ್ ಹಾಕಬೇಡಿ, ಧಾರೆ ಕೂದಲೆಳೆಯಾಗುತ್ತದೆ. ಮಾಮೂಲಿಯಾಗಿ ನಲ್ಲಿಯೊಂದಿಗೆ ಬರುವುದೇ ಸಾಕು. ತಿಂಗಳಿಗೊಮ್ಮೆ ಬಿಚ್ಚಿ ಹುಣಸೆಹುಳಿ ನೀರಿನಲ್ಲೋ ನಿಂಬೆರಸದಲ್ಲೋ ನೆನೆಸಿಟ್ಟರೆ ಉಪ್ಪು ಬಿಡುತ್ತದೆ.

ಹಾಗಾದರೆ ಮನೆಗೆ ಯಾವುದು? ನನ್ನ ಉತ್ತರ ಖಚಿತವಾಗಿ ಮಾಮೂಲಿ ನಲ್ಲಿ. ಮಾಮೂಲಿಯಲ್ಲೂ ಆರಿಸಬೇಕಾದ್ದಿದೆ. ನಾಲ್ಕೈದು ಸುತ್ತು ತಿರುಗಿಸುವ ಹಳೆಯ ತಿರುಪಿನ ನಲ್ಲಿ ತಾಯಿಯವರಿಗೆ ಬೇಡ. ಅದು ವಾಷರ್ ಸವೆದಂತೆ ಇನ್ನೂ ಬಿಗಿ ಕೇಳುತ್ತದೆ. ಗಂಟು ನೋವಿನ ಬೆರಳಿಗೆ ಆ ಕೊನೆಯ ತಿರುವೇ ಹಿಂಸೆ, ಬಿಗಿ ಮಾಡಲಾಗದೆ ಬಿಟ್ಟರೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಕಾಲು ಸುತ್ತಿಗೆ ತೆರೆದು ಮುಚ್ಚುವ, ಒಳಗೆ ಸೆರಾಮಿಕ್ ಬಿಲ್ಲೆಗಳಿರುವ ಪಿಲ್ಲರ್ ಕಾಕ್ ತನ್ನಿ. ಹಿಡಿ ಗುಂಡಗಿರದೆ ಉದ್ದನೆಯ ಪಟ್ಟಿಯಂತಿರಲಿ. ತಾಯಿಯವರನ್ನೇ ಅಂಗಡಿಗೆ ಕರೆದೊಯ್ದು, ಬೆರಳು ಮಡಚದೆ ಅಂಗೈ ಅಂಚಿನಿಂದ ತಳ್ಳಿ ನೋಡಲು ಹೇಳಿ. ಹಾಗೆ ತಳ್ಳಿದರೆ ಸರಾಗವಾಗಿ ತಿರುಗುವ ನಲ್ಲಿಯೇ ನಿಮ್ಮ ನಲ್ಲಿ. ಎಂಜಲು ಕೈಯವರೂ ಅದನ್ನು ಮೊಣಕೈಯಿಂದ ತೆರೆಯಬಹುದು. ಮೈ ಹಿತ್ತಾಳೆಯದಾಗಿರಲಿ, ಕೈಯಲ್ಲಿ ಹಿಡಿದಾಗ ತೂಕ ಗೊತ್ತಾಗಬೇಕು. ಐಎಸ್‌ಐ ಮುದ್ರೆಯ ಜೊತೆ ಐಎಸ್ 8931 ಎಂಬ ಸಂಖ್ಯೆ ಇದೆಯೇ ನೋಡಿ. ಕೇಳಲೇಬೇಕಾದ ಇನ್ನೊಂದು ಮಾತು: ‘ಇದರ ಒಳಗಿನ ಸ್ಪಿಂಡಲ್ ಬಿಡಿಯಾಗಿ ನಂಜನಗೂಡಿನ ಅಂಗಡಿಯಲ್ಲಿ ಸಿಗುತ್ತದೆಯೆ?’ ಸಿಗುವುದಾದರೆ ಎಂಟು ಹತ್ತು ವರ್ಷದ ಮೇಲೂ ಅರ್ಧ ಗಂಟೆಯ ಕೆಲಸದಲ್ಲಿ ನಲ್ಲಿ ಹೊಸದಾಗುತ್ತದೆ. ಸೆನ್ಸರ್ ನಲ್ಲಿಯ ವಾಲ್ವ್ ಕೆಟ್ಟರೆ ಆ ಕಂಪನಿಯವರದೇ ಬೇಕು, ತಿಳಿದವರೂ ಬೇಕು. ಬೆಲೆಯೂ ಒಳ್ಳೆಯ ಹಿತ್ತಾಳೆ ನಲ್ಲಿಯ ಹಲವು ಪಟ್ಟು.

ಸ್ನಾನದ ಬಕೆಟ್ ನಲ್ಲಿಯ ಹತ್ತಿರ ಸೆನ್ಸರಿನ ಮಾತೇ ಬೇಡ. ಅದು ಕೈ ತೊಳೆಯುವವರಿಗೆಂದು ಮಾಡಿದ ವಸ್ತು. ಬಹುಪಾಲು ಮಾದರಿಗಳು ಒಂದು ನಿಮಿಷದ ಹೊತ್ತಿಗೆ ತಾವೇ ನಿಲ್ಲುತ್ತವೆ. ನಮ್ಮ ಬಚ್ಚಲುಮನೆ ನಡೆಯುವುದು ಬಕೆಟ್ಟು ಚೊಂಬಿನ ಮೇಲೆ. ದೊಡ್ಡ ಜಾತ್ರೆಗೆ ನೆಂಟರು ತುಂಬಿಕೊಂಡಾಗ ಬೆಳಗ್ಗೆ ನಾಲ್ಕಕ್ಕೇ ಬಕೆಟ್ಟಿನ ಸಾಲು ಶುರುವಾಗುವ ಊರು ನಿಮ್ಮದು.

ಸೆನ್ಸರ್ ನಲ್ಲಿ ನಿಜಕ್ಕೂ ಬೇಕಾದವರು ಇದ್ದಾರೆ. ಪಾರ್ಶ್ವವಾಯುವಿನಿಂದ ಕೈ ಸ್ವಾಧೀನ ತಪ್ಪಿದವರು, ನಲ್ಲಿ ಮುಚ್ಚುವುದನ್ನೇ ಮರೆಯುವಷ್ಟು ಮರೆವಿನ ಕಾಯಿಲೆ ಇರುವವರು. ಅಂಥವರು ಮನೆಯಲ್ಲಿದ್ದರೆ ಟ್ಯಾಂಕನ್ನು ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿಯಾದರೂ, ಪಂಪು ಹಾಕಿಯಾದರೂ ಅದನ್ನೇ ಹಾಕಿಸಿ ಎನ್ನುತ್ತಿದ್ದೆ.

ತಿ. ನರಸೀಪುರದ ಹೋಟೆಲಿನದು ಬೇರೆ ಕತೆ. ಸಂಗಮಕ್ಕೆ, ಗುಂಜಾ ನರಸಿಂಹಸ್ವಾಮಿ ದರ್ಶನಕ್ಕೆ, ತಲಕಾಡಿಗೆ, ಸೋಮನಾಥಪುರಕ್ಕೆ ಹೋಗಿಬರುವವರು ದಿನವಿಡೀ ಬರುವ ಊರು. 1989ರಿಂದ ನಡೆದುಬಂದ ಕುಂಭಮೇಳ 2025ರ ಫೆಬ್ರುವರಿ 10ರಿಂದ 12ರವರೆಗೆ ನಡೆದಾಗ ಊರಿನ ಜನಸಂದಣಿಯನ್ನು ನಿಮ್ಮ ತಮ್ಮನವರು ಕಂಡಿರುತ್ತಾರೆ. ಅಪರಿಚಿತರು ನೂರಾರು ಜನ ಒಂದೇ ಹಿಡಿಯನ್ನು ಸಾರು ಮೆತ್ತಿದ ಕೈಯಲ್ಲಿ ಮುಟ್ಟುವ ಜಾಗದಲ್ಲಿ, ನಲ್ಲಿ ಬಿಟ್ಟು ಹೋಗುವವರೂ ಇರುವ ಜಾಗದಲ್ಲಿ, ಮುಟ್ಟದ ನಲ್ಲಿಗೆ ಅರ್ಥವಿದೆ. ಆದರೂ ನಾನು ಮೊದಲು ಹೇಳುವುದು ಕಾಲಿನಿಂದ ಒತ್ತುವ ನಲ್ಲಿ. ಕೊರೊನಾ ಕಾಲದಲ್ಲಿ ಅಂಗಡಿ, ದೇವಸ್ಥಾನಗಳ ಮುಂದೆ ಬಂದದ್ದು ಇದೇ. ಕೆಳಗೆ ಪೆಡಲ್, ಒಳಗೆ ಸ್ಪ್ರಿಂಗ್. ಕಾಲು ಇಟ್ಟರೆ ನೀರು, ತೆಗೆದರೆ ನಿಂತಿತು. ಕರೆಂಟು ಬೇಡ, ಸೆಲ್ ಬೇಡ, ಟ್ಯಾಂಕ್ ಎತ್ತರದಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಪೆಡಲನ್ನು ವೆಲ್ಡಿಂಗ್ ಅಂಗಡಿಯಲ್ಲೇ ಸರಿ ಮಾಡಿಸಬಹುದು. ಮೇಲಿನಿಂದ ಒತ್ತಿದರೆ ಕೆಲವು ಸೆಕೆಂಡು ಹರಿದು ತಾನೇ ನಿಲ್ಲುವ ಪ್ರೆಸ್ ನಲ್ಲಿಯೂ ಒಳ್ಳೆಯದೇ, ಎಡಗೈಯಿಂದ ಒತ್ತಬಹುದು. ಅದರ ಒಳಗೂ ಉಪ್ಪು ಕಟ್ಟುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿಸಬೇಕು.

ಹೋಟೆಲಿನ ಮೇಲೆ ಮಹಡಿಯಿದ್ದು ಟ್ಯಾಂಕ್ ಅದರ ತಾರಸಿಯಲ್ಲಿದ್ದರೆ ಒತ್ತಡ ಸಾಕಷ್ಟು ಸಿಗುತ್ತದೆ. ಆಗ ಸೆನ್ಸರ್ ಹಾಕಿಸಲು ಅಡ್ಡಿಯಿಲ್ಲ. ಕರೆಂಟಿನ ಜೊತೆ ಸೆಲ್ಲಿನಲ್ಲೂ ನಡೆಯುವ ಮಾದರಿ ತರಲಿ. ವಾಲ್ವಿಗೆ ಮೊದಲು ಒಂದು ಜಾಲರಿ ಫಿಲ್ಟರ್ ಕೂರಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೊಳೆಯಲಿ. ಬೇಸಿನ್ ಹೊಳೆಯುವ ಸ್ಟೀಲಿನದಾದರೆ ಬೆಳಕು ಅದಕ್ಕೇ ತಾಕಿ ಹಿಂತಿರುಗಿ ಕೈ ಇಲ್ಲದಾಗಲೂ ನೀರು ಬಿಡುವುದುಂಟು. ಕಣ್ಣಿನ ದೂರವನ್ನು ಜೋಡಿಸುವಾಗಲೇ ಸರಿಪಡಿಸಿಕೊಳ್ಳಬೇಕು. ನಾಲ್ಕು ನಲ್ಲಿಯ ಸಾಲಿನಲ್ಲಿ ಒಂದಾದರೂ ಮಾಮೂಲಿಯದು ಇರಲಿ, ಚಿಕ್ಕ ಮಕ್ಕಳ ಎತ್ತರಕ್ಕೆ. ಬಾಟಲಿ ತುಂಬುವವರಿಗೂ ಅದೇ ಬೇಕು.

ಮಗನಿಗೆ ತೀರಾ ಬೇಸರವಾಗದಂತೆ ಒಂದು ಕೆಲಸ ಈಗಲೇ ಮಾಡಿಸಿ. ಟೈಲ್ಸ್ ಹಾಕುವ ಮೊದಲು ಬೇಸಿನ್ನಿನ ಕೆಳಗೆ, ನೀರು ಸಿಡಿಯದ ಕಡೆ, ಒಂದು ವೈರಿಂಗ್ ಪೈಪು ಎಳೆಸಿ ಮುಚ್ಚಳ ಹಾಕಿಸಿಡಿ. ಮುಂದೆ ಮೇಲೊಂದು ಮಹಡಿ ಕಟ್ಟಿಸಿ ಟ್ಯಾಂಕ್ ಅಲ್ಲಿಗೆ ಏರಿದ ದಿನ ಕೆಳಗಿನ ಬೇಸಿನ್ನಿಗೆ ಹದಿನೇಳು ಅಡಿ ಸಿಕ್ಕಿಯೇ ಸಿಗುತ್ತದೆ. ಆಗ ಗೋಡೆ ಒಡೆಯದೆ ಅವನು ತನ್ನ ನಲ್ಲಿ ಹಾಕಿಸಿಕೊಳ್ಳಲಿ.